ಬಾಯಿ ತುಂಬ ನೀರು

ಫೆಬ್ರವರಿ 3

ತಮ್ಮಾ,

ರಾತ್ರಿ ಎರಡು ಗಂಟೆ. ಎಚ್ಚರವಾದದ್ದು ಬೆಲ್ಟಿನ ಬಕಲ್ ಸದ್ದಿಗೆ. ಕಬ್ಬಿಣದ ಮಂಚದ ಕಾಲಿಗೆ ಅದು ಒಮ್ಮೆ ತಾಗಿತು, ಟಣ್ ಅಂತ, ಅಷ್ಟೇ. ಕಣ್ಣು ಪೂರ್ತಿ ಬಿಡುವ ಮೊದಲೇ ನಾನು ಅಡುಗೆಮನೆಯಲ್ಲಿದ್ದೆ. ಗೋಡೆಗೆ ಬೆನ್ನು ಹಚ್ಚಿದ್ದೆ. ಬಾಯಿ ತುಂಬ ನೀರು. ಪರಲೋಕದ ಪ್ರಾರ್ಥನೆ ಮನಸ್ಸಿನಲ್ಲೇ ಅರ್ಧ ಮುಗಿದಿತ್ತು.

ನಿನ್ನ ಭಾವ ಬಂದು ದೀಪ ಹಾಕಿದರು. ಕೆಲಸಕ್ಕೆ ಹೊರಡಲೆಂದು ಕತ್ತಲಲ್ಲೇ ಪ್ಯಾಂಟು ಹಾಕಿಕೊಳ್ಳುತ್ತಿದ್ದರು ಪಾಪ, ಮಗು ಏಳದಿರಲಿ ಅಂತ.

"ಏನೇ ಇದು, ಮೀನಾಗ್ಬಿಟ್ಯಾ?" ಅಂದರು.

ನಗು ಬಂತು. ನೀರೆಲ್ಲ ಅವರ ಬ್ರೆಡ್ ಕಂಪನಿಯ ಅಂಗಿಯ ಮೇಲೆ.

ಆಮೇಲೆ ಹೇಳಲೇಬೇಕಾಯಿತು. ಮದುವೆಯಾದಾಗಿನಿಂದ ಹೇಳಿರಲಿಲ್ಲ. ಅಪ್ಪ ಬಾಯ್ಲರ್ ರಿಪೇರಿ ಮುಗಿಸಿ ಬಂದು ಬೆಲ್ಟಿಗೆ ಕೈ ಹಾಕಿದರೆ ಅಮ್ಮ ಲೋಟಕ್ಕೆ ಕೈ ಹಾಕುತ್ತಿದ್ದಳು ಅಂತ. ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ನುಂಗಬಾರದು, ಉಗುಳಬಾರದು, ಅವನ ಕೈ ಸೋಲುವವರೆಗೆ ಪ್ರಾರ್ಥನೆ ಮಾಡುತ್ತಿರಬೇಕು. ಏಟಿಗೆ ನೀರು ಚೆಲ್ಲಿದರೆ ಮತ್ತೆ ತುಂಬಿಕೊಳ್ಳಬೇಕು. ನಮ್ಮಿಬ್ಬರಿಗೂ ಅದನ್ನೇ ಕಲಿಸಿದ್ದಳು. ಆತ್ಮದ ಫಲಗಳಲ್ಲಿ ಕಡೆಯದು ಶಮೆದಮೆ, ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವುದು, ಅದು ಬಾಯಿಂದ ಶುರುವಾಗಬೇಕು, ಶಿಲುಬೆಗೆ ಹಾಕುವ ಮೊದಲು ಅಧಿಪತಿಯ ಮುಂದೆ ನಿಲ್ಲಿಸಿದಾಗ ಸ್ವಾಮಿ ಬಾಯಿ ಬಿಟ್ಟನೇ ಅನ್ನುತ್ತಿದ್ದಳಲ್ಲ, ಅದನ್ನೂ ಹೇಳಿದೆ.

ಅವರು ಒದ್ದೆ ಅಂಗಿ ಹಿಂಡುತ್ತಾ, "ಅತ್ತೆ ಒಂದು ಸಲಾನೂ ಕೂಗ್ಕೊಳ್ಲಿಲ್ವಾ? ಪಕ್ಕದ ಮನೆಯೋರಿಗೆ ಗೊತ್ತೇ ಆಗ್ಲಿಲ್ವಾ?" ಅಂದರು.

"ಅದೇ ಅಲ್ವಾ ಅವಳ ದೊಡ್ಡತನ," ಅಂದೆ.

ಅವರು ಹಿಂಡಿದ ಅಂಗಿಯನ್ನೇ ತೊಟ್ಟು ಹೊರಟರು. ವ್ಯಾನು ಹೊರಟ ಸದ್ದಿಗೆ ನಮ್ಮ ಸೈರನ್ ಎದ್ದು ಶುರುಮಾಡಿತು. ನಿನ್ನ ಸೊಸೆಗೆ ಈ ಬೀದಿಯೇ ಇಟ್ಟ ಹೆಸರು ಅದು. ಹುಟ್ಟಿದಾಗಿನಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ಕಣೋ. ಕಣ್ಣೊಳಗೆ ಮರಳು ಹಾಕಿದ ಹಾಗಿರುತ್ತದೆ.

ಅಪ್ಪ ಮಣ್ಣಾಗಿ ಇಷ್ಟು ವರ್ಷವಾಯಿತು. ಆ ಸದ್ದಿಗೆ ನಿನಗೂ ಎಚ್ಚರವಾಗುತ್ತದೆಯೇ?

ನಿದ್ದೆಗೇಡಿ ಅಕ್ಕ

•

ಫೆಬ್ರವರಿ 20

ಅಕ್ಕಾ,

ಭಾವ ಬಾಗಿಲ ಕೆಳಗೆ ತೂರಿಸಿದ ನಿನ್ನ ಕಾಗದಕ್ಕೆ ಬನ್ನಿನ ವಾಸನೆ. ಓದುತ್ತಾ ಹಸಿವಾಯಿತು. ಫೋನಿನಲ್ಲಿ ನಾನು ‘ಹೂಂ’ ಬಿಟ್ಟು ಬೇರೇನೂ ಅನ್ನುವುದಿಲ್ಲ ಅಂತ ನೀನೇ ಬೈಯುತ್ತೀಯ. ಒಂದೇ ಕಿವಿಯವನಿಗೆ ಕಾಗದವೇ ಸರಿ.

ಇಲ್ಲ, ನನಗೆ ಎಚ್ಚರವಾಗುವುದಿಲ್ಲ. ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿಬಿಟ್ಟರೆ ಲೋಕವೇ ಮುಳುಗಿದರೂ ಕೇಳಿಸುವುದಿಲ್ಲ. ಅಪ್ಪ ಕೊಟ್ಟ ಆಸ್ತಿ ಅದೊಂದೇ.

ಕಸಾಯಿಖಾನೆಯಲ್ಲಿ ನನ್ನನ್ನು ಚರ್ಮ ಎಳೆಯುವ ಯಂತ್ರದ ಹತ್ತಿರ ಹಾಕಿದ್ದಾರೆ. ಕೊಂದ ದನ ಮೇಲಿನ ಸರಪಳಿಯಲ್ಲಿ ತಲೆಕೆಳಗಾಗಿ ಬರುತ್ತದೆ. ನಾನು ಚಾಕುವಿನಿಂದ ಕಾಲಿನ ಚರ್ಮ ಬಿಡಿಸುತ್ತೇನೆ. ಎದುರಿಗೆ ನಿಂತವನು ಅದನ್ನು ಉರುಳೆಯ ಸರಪಳಿಯ ಕೊಂಡಿಗೆ ಸಿಕ್ಕಿಸುತ್ತಾನೆ. ಉರುಳೆ ತಿರುಗಿ, ಅಂಗಿ ಕಳಚಿದ ಹಾಗೆ ಇಡೀ ಚರ್ಮವನ್ನು ಎಳೆದುಬಿಡುತ್ತದೆ. ಆ ಸದ್ದಿಗೆ ಹೊಸಬರು ವಾಂತಿ ಮಾಡಿಕೊಳ್ಳುತ್ತಾರೆ. ನನಗೇನೂ ಅನ್ನಿಸುವುದಿಲ್ಲ.

ಇಲ್ಲಿ ಒಂದು ಕ್ರಮ ಇದೆ. ಉರುಳೆಯ ಹತ್ತಿರ ಇರುವವನಿಗೆ ತನ್ನ ಕೈ ತನಗೇ ಕಾಣುವುದಿಲ್ಲ, ಚರ್ಮ ಅಡ್ಡ. ಅವನ ಕೈ ನೋಡಿಕೊಳ್ಳಬೇಕಾದವನು ಎದುರಿಗಿನವನು. ಏನಾದರೂ ಸಿಕ್ಕಿಕೊಂಡರೆ ಎದುರಿಗಿನವನು ಕೂಗಬೇಕು. ಕೂಗು ಕೇಳಿದ ತಕ್ಷಣ ಕಂಬದ ಹತ್ತಿರ ಇರುವವನು ಕೆಂಪು ಗುಂಡಿ ಒತ್ತುತ್ತಾನೆ. ನನ್ನ ಎದುರಿಗೆ ಇರುವವನು ನಮ್ಮ ಸಭೆಯವನೇ. ಹಾಡುಗಾರ ಅಂತ ಕರೆಯುತ್ತೇವೆ. ವಯಸ್ಸಾದವನು, ಸ್ವರ ಒಂದೂ ಸರಿಯಿಲ್ಲ, ಆದರೂ ದಿನವಿಡೀ ಕೀರ್ತನೆ ಹಾಡುತ್ತಾನೆ. "ದನಗಳು ಯಾಕೆ ಸಾಯ್ತಿದಾವೆ ಗೊತ್ತಾ, ನಿನ್ ಹಾಡು ಕೇಳಿ," ಅಂತ ಎಲ್ಲರೂ ರೇಗಿಸುತ್ತಾರೆ.

ಮೇಸ್ತ್ರಿ ಮಾತ್ರ ಬೇರೆ ಜಾತಿಯ ಪ್ರಾಣಿ. ನಾನು ತಿರುಗಿ ಮಾತಾಡುವುದಿಲ್ಲ ಅಂತ ಅವನಿಗೆ ಗೊತ್ತಾಗಿಬಿಟ್ಟಿದೆ. ಅವನು ನನಗಿಟ್ಟ ಹೆಸರು ಪಾದ್ರಿ. ಹೋದ ವಾರ ಸರಪಳಿಯ ಕೊಕ್ಕೆಯ ಹಿಡಿಯಿಂದ ನನ್ನ ಎಡಗಿವಿಗೇ ಹೊಡೆದ. "ಈ ಕಿವಿ ಕೇಳಲ್ಲ ಅಲ್ವಾ? ಹಂಗಾದ್ರೆ ನೋವೂ ಆಗಬಾರ್ದು," ಅಂದ. ರಕ್ತ ಕುತ್ತಿಗೆಗೆ ಇಳಿಯಿತು. ನನ್ನ ಕೈಯಲ್ಲಿ ಚಾಕು ಇತ್ತು ಅಕ್ಕ. ಅವನ ಗಂಟಲಿನ ಗುಬಟು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ದನದಲ್ಲಿ ಎಲ್ಲಿ ಹಾಕಬೇಕು ಅಂತ ಕೈಗೆ ಗೊತ್ತು, ಮನುಷ್ಯನಲ್ಲಿ ಬೇರೆ ಏನಿಲ್ಲ.

ನಲ್ಲಿಯ ಹತ್ತಿರ ಅಮ್ಮನ ಲೋಟ ಇಟ್ಟುಕೊಂಡಿದ್ದೇನೆ. ಹೋಗಿ ಬಾಯಿ ತುಂಬಿಕೊಂಡು ಬಂದು ಕೆಲಸ ಮುಂದುವರಿಸಿದೆ. ಪಾಳಿ ಮುಗಿಯುವವರೆಗೂ ನುಂಗಲಿಲ್ಲ.

ಹಾಡುಗಾರ ಹೋಗಿ ಸಭೆಯಲ್ಲಿ ಹೇಳಿಬಿಟ್ಟಿದ್ದಾನೆ. ಸಭಾಪಾಲಕರು ಎಲ್ಲರ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಶಮೆದಮೆ ಅಂದರೆ ಇದು ಅಂದರು. ಕೂತುಕೊಳ್ಳಲು ಬಿಟ್ಟರೆ ಸಾಕಾಗಿತ್ತು.

ಸೈರನ್‌ಗೆ ಮಾವನ ಮುತ್ತು.

ನಿನ್ನ ತಮ್ಮ

•

ಮಾರ್ಚ್ 11

ತಮ್ಮಾ,

ನಿನ್ನ ಕಾಗದ ಓದಿ ಅತ್ತೆ. ಹೆಮ್ಮೆಗೆ ಕಣೋ. ಅಮ್ಮ ಇದ್ದಿದ್ದರೆ ಲೋಟ ತೊಳೆದು ಪದಕದ ಹಾಗೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದಳು.

ಅವನು ಏನೇ ಅನ್ನಲಿ, ಅಮ್ಮನ ಬಗ್ಗೆಯೇ ಅನ್ನಲಿ, ಬಾಯಿ ಬಿಡಬೇಡ. ನಮ್ಮ ಮೈಯಲ್ಲಿ ಹರಿಯುವುದು ಅಪ್ಪನ ರಕ್ತ. ಒಂದು ಮಾತು ಆಚೆ ಬಂದರೆ ಅದರ ಹಿಂದೆಯೇ ಕೈ ಬರುತ್ತದೆ. ಅವನು ಹತ್ತಿರ ಬಂದ ಅಂದರೆ ಸಾಕು, ಮೊದಲೇ ನೀರು ತುಂಬಿಕೊಂಡು ನಿಂತಿರು. ಏಟು ಬೀಳುವವರೆಗೆ ಕಾಯಬೇಡ.

ನನ್ನದೇನು ಕಡಿಮೆ ಅಂದುಕೊಳ್ಳಬೇಡ. ನಿನ್ನೆ ಮಧ್ಯಾಹ್ನ ಮಗು ಹಾಲು ಕುಡಿಯದೆ ಬೆನ್ನು ಬಿಲ್ಲಿನ ಹಾಗೆ ಮಾಡಿ ಒಂದೇ ಸಮನೆ ಕಿರುಚುತ್ತಿತ್ತು. ಅದರ ತೊಡೆಯನ್ನು ಹಿಡಿದಿದ್ದ ನನ್ನ ಬೆರಳುಗಳನ್ನು ನೋಡಿದೆ. ಬೆಳ್ಳಗಾಗಿದ್ದವು, ಅಷ್ಟು ಬಿಗಿ. ಬಿಡಿಸಿದಾಗ ಚರ್ಮದ ಮೇಲೆ ಗುರುತು. ಹಾಸಿಗೆಯ ಮೇಲೆ ಇಟ್ಟು, ಓಡಿಹೋಗಿ ನೀರು ತುಂಬಿಕೊಂಡೆ. ಕರ್ತನು ಕಾಪಾಡಿದ.

ನಿನ್ನ ಭಾವನಿಗೆ ಹೇಳಿಲ್ಲ. ಸೊಳ್ಳೆ ಕಚ್ಚಿದೆ ಅಂದೆ. ನೀನೂ ಹೇಳಬೇಡ.

ಅಕ್ಕ

•

ಏಪ್ರಿಲ್ 2

ಅಕ್ಕಾ,

ಹಾಡುಗಾರ ಹೋದ.

ಬರೆಯುತ್ತೇನೆ, ನೀನು ಇದನ್ನು ಮಗು ಹತ್ತಿರ ಇಲ್ಲದಾಗ ಓದು.

ಉರುಳೆಯ ಮುಂದೆ ಒಂದು ಕಬ್ಬಿಣದ ಜಾಲರಿ ಇತ್ತು. ಅದಿದ್ದರೆ ಕೆಲಸ ನಿಧಾನ ಅಂತ ಮೇಸ್ತ್ರಿ ಹೋದ ತಿಂಗಳು ಬಿಚ್ಚಿಸಿದ್ದ. ಮೊನ್ನೆ ಅವನು ಬಂದು ನನ್ನ ಬೆನ್ನ ಹಿಂದೆ ಕಂಬಕ್ಕೆ ಒರಗಿ ನಿಂತ. ಬರುವುದನ್ನು ನೋಡಿ ನೀನು ಹೇಳಿದ ಹಾಗೆ ಮೊದಲೇ ಬಾಯಿ ತುಂಬಿಕೊಂಡೆ. ಅವನು ಅಮ್ಮನ ವಿಷಯಕ್ಕೇ ಬಂದ. ಅದನ್ನು ಬರೆಯುವುದಿಲ್ಲ. ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದೆ.

ಕಣ್ಣು ಬಿಟ್ಟಾಗ ಹಾಡುಗಾರನ ಕೈಗವಸಿನ ಅಂಚು ಉರುಳೆಯ ಸರಪಳಿಯ ಕೆಳಗೆ ಹೋಗಿತ್ತು. ರಬ್ಬರಿನ ಕೈಗವಸು, ಹಳದಿ. ಅವನಿಗೆ ಕಾಣುತ್ತಿರಲಿಲ್ಲ. ಹಾಡುತ್ತಿದ್ದ. ಕೂಗಬೇಕಾದವನು ನಾನು. ಗುಂಡಿ ಮೇಸ್ತ್ರಿಯ ಭುಜದ ಹತ್ತಿರವೇ ಇತ್ತು.

ಬಾಯಿ ತೆರೆದೆ. ನೀರು ಒಳಗೇ ಹೋಯಿತು, ಉಸಿರುಗೊಳವೆಗೆ. ಕೂಗು ಬರಲಿಲ್ಲ. ಕೆಮ್ಮು ಬಂತು. ಮೇಸ್ತ್ರಿ ನಕ್ಕ. "ಪಾದ್ರಿ ಬಾಯಿ ಬಿಟ್ಟ ಕಣ್ರೋ!" ಅಂತ ಎಲ್ಲರನ್ನೂ ಕರೆದ.

ಅಷ್ಟರಲ್ಲಿ ಉರುಳೆ ಹಾಡುಗಾರನ ಕೈಯನ್ನು ಭುಜದವರೆಗೆ ಸುತ್ತಿಕೊಂಡಿತ್ತು. ಚರ್ಮ ಬರುವಾಗ ಬರುತ್ತದಲ್ಲ, ಅದೇ ಸದ್ದು. ನನಗೆ ಆ ಸದ್ದು ಅಭ್ಯಾಸ ಆಗಿಬಿಟ್ಟಿತ್ತು. ಅವನು ಕಿರುಚಲೂ ಇಲ್ಲ, ನನ್ನನ್ನೇ ನೋಡಿದ. ಇವನ್ಯಾಕೆ ಸುಮ್ಮನಿದಾನೆ ಅನ್ನುವ ಹಾಗೆ. ಸಂಜೆಯವರೆಗೂ ಜೀವ ಇತ್ತು.

ನಾನು ನೀರು ನುಂಗಿದ್ದರೂ ಆಗುತ್ತಿತ್ತು, ಉಗುಳಿದ್ದರೂ ಆಗುತ್ತಿತ್ತು. ಎರಡೂ ಮಾಡಬಾರದು ಅಂತ ಅಮ್ಮ ಹೇಳಿದ್ದು ನೆನಪಿತ್ತು.

ತಮ್ಮ

•

ಏಪ್ರಿಲ್ 5

ತಮ್ಮಾ, ನನ್ನ ಕಂದಾ,

ಅದು ನಿನ್ನ ತಪ್ಪಲ್ಲ. ಜಾಲರಿ ತೆಗೆಸಿದವನು ಯಾರು? ದೇವರ ಚಿತ್ತ ನಮಗೆ ತಿಳಿಯುವುದಿಲ್ಲ. ಸಭಾಪಾಲಕರ ಹತ್ತಿರ ಹೋಗಿ ಕೂತು ಮಾತಾಡು. ಇಲ್ಲಿಗೆ ಬಾ. ಮಗುವಿನ ತೊಟ್ಟಿಲ ಪಕ್ಕದಲ್ಲೇ ಹಾಸಿಗೆ ಹಾಕಿಕೊಡುತ್ತೇನೆ. ನಿದ್ದೆ ಬರುವುದಿಲ್ಲ ಅಷ್ಟೇ, ಉಳಿದದ್ದೆಲ್ಲ ಇದೆ.

ಮೊದಲೇ ನೀರು ತುಂಬಿಕೊಂಡಿರು ಅಂತ ನಾನೇ ಬರೆದಿದ್ದೆ. ‘ನೀನು ಹೇಳಿದ ಹಾಗೆ’ ಅನ್ನುವ ಮಾತನ್ನು ನೀನು ಬರೆಯದೆ ಬಿಟ್ಟಿದ್ದರೂ ಆಗುತ್ತಿತ್ತು. ಬರೆದದ್ದೇ ಒಳ್ಳೆಯದಾಯಿತು.

ಫೋನ್ ಎತ್ತು.

ಅಕ್ಕ

•

ಮೇ 19

ತಮ್ಮಾ,

ಇದು ಎಷ್ಟನೆಯ ಕಾಗದವೋ. ಬಾಗಿಲ ಕೆಳಗೆ ತೂರಿಸಿದ್ದು ಹಾಗೇ ಒಳಗೆ ಹೋಗುತ್ತದೆ, ಅಂದರೆ ನೀನು ಬದುಕಿದ್ದೀಯ ಅಂತ ನಿನ್ನ ಭಾವ ಹೇಳುತ್ತಾರೆ. ಇದು ಅವರು ಹೇಳುವ ಸಮಾಧಾನ.

ಒಂದು ಸಾಲು ಬರೆ. ಬೈದಾದರೂ ಬರೆ.

ಅಕ್ಕ

•

ಜುಲೈ 5

ಅಕ್ಕಾ,

ಲೋಟವನ್ನು ಡಬ್ಬಿಗೆ ಹಾಕಿ, ಭಾವನ ಕೈಗೆ ಸಿಗುವ ಹಾಗೆ ಬಾಗಿಲ ಹೊರಗೆ ಇಟ್ಟಿದ್ದೇನೆ. ಇನ್ನು ನೀನೇ ಇಟ್ಟುಕೋ, ನನಗೆ ಬೇಡ.

ವಿಚಾರಣೆ ಮುಗಿಯಿತು. ಜಾಲರಿ ಬಿಚ್ಚಿದ್ದು ಹಾಡುಗಾರನೇ ಅಂತ ಮೇಸ್ತ್ರಿ ಹೇಳಿದ. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ. ನನ್ನನ್ನು ಕೇಳಿದಾಗ ನನ್ನ ಬಾಯಿ ಒಣಗಿತ್ತು. ಗೊತ್ತಿಲ್ಲ ಅಂದೆ. ಯಾಕೆ ಹಾಗಂದೆ ಅಂತ ಕೇಳಬೇಡ. ಮೇಸ್ತ್ರಿಯನ್ನು ಅವರ ಕೈಗೆ ಕೊಡಲು ನನಗೆ ಇಷ್ಟವಿರಲಿಲ್ಲ.

ಸೋಮವಾರ ಬೆಳಗಿನ ಪಾಳಿಗೆ ಅವನು ವಾಪಸ್ಸು ಬರುತ್ತಾನೆ. ನನ್ನ ಹಿಂದಿನ ಕಂಬಕ್ಕೇ.

ಚಾಕು ಮಸೆದಿಟ್ಟಿದ್ದೇನೆ. ವಿಚಿತ್ರ ಏನು ಗೊತ್ತಾ, ಈಗ ಸಿಟ್ಟೇ ಇಲ್ಲ. ಚೆನ್ನಾಗಿ ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ. ಅಮ್ಮ ಹೇಳುತ್ತಿದ್ದ ಶಮೆದಮೆ ಇದೇ ಇರಬೇಕು.

ಭಾವನಿಗೆ ನಮಸ್ಕಾರ. ಸೈರನ್ ದೊಡ್ಡವಳಾದ ಮೇಲೆ ಮಾವ ಒಬ್ಬನಿದ್ದ ಅಂತ ಹೇಳು. ಸುಮ್ಮನಿರುವವನು ಅಂತ ಹೇಳಬೇಡ.

ನಿನ್ನ ತಮ್ಮ

•

ಜುಲೈ 6, ಭಾನುವಾರ ರಾತ್ರಿ

ತಮ್ಮಾ,

ನಿನ್ನ ಭಾವ ಕೆಳಗೆ ವ್ಯಾನಿನಲ್ಲಿ ಕೂತು ಕಾಯುತ್ತಿದ್ದಾರೆ. ಬೇಕರಿಗೆ ಹೋಗಬೇಕಾದ ಹೊತ್ತಿಗಿಂತ ಮೊದಲೇ ಎಬ್ಬಿಸಿದ್ದೇನೆ. ನಿನ್ನ ಫೋನ್ ಆಫ್ ಇದೆ. ಬೆಳಗ್ಗೆಯಿಂದ ಮಾಡಿ ಮಾಡಿ ಬೆರಳು ನೋಯುತ್ತಿದೆ. ಕೈಬರಹ ನೋಡಬೇಡ, ಓದು.

ಲೋಟ ಬಂದ ಡಬ್ಬಿಯನ್ನು ಬಿಚ್ಚಿದ ಕೂಡಲೇ ನನಗೆ ಅರ್ಥವಾಯಿತು. ಕಾಗದ ಆಮೇಲೆ ಓದಿದೆ.

ನಿನಗೆ ಒಂದು ವಿಷಯ ಹೇಳಿಲ್ಲ. ಹೋದ ಮಂಗಳವಾರದ್ದು. ಮಧ್ಯಾಹ್ನ, ಬಟ್ಟೆ ಒಗೆಯುವ ಹೊತ್ತು. ಮಗು ಬೆಳಗ್ಗೆಯಿಂದ ಅಳುತ್ತಿತ್ತು. ಸಿಟ್ಟು ಬರುವ ಮೊದಲೇ ಬಾಯಿ ತುಂಬ ನೀರು ತುಂಬಿಕೊಂಡಿದ್ದೆ, ಬಲು ಜಾಣೆಯ ಹಾಗೆ. ಪ್ರಾರ್ಥನೆಯೂ ನಡೆದಿತ್ತು. ಮನೆಯಲ್ಲಿ ನನ್ನದೊಂದು ಸದ್ದಿಲ್ಲ. ನೋಡಿದರೆ ನನ್ನ ಎರಡು ಕೈಗಳು ಮಗುವನ್ನು ಕಂಕುಳಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದವು. ತಲೆ ಹಿಂದಕ್ಕೆ ಮುಂದಕ್ಕೆ, ಬಟ್ಟೆಯ ಗೊಂಬೆಯ ಹಾಗೆ. ಅದರ ಅಳು ತುಂಡು ತುಂಡಾಗಿ ಬರುತ್ತಿತ್ತು. ಒಗೆಯುವ ಕಲ್ಲು ಅಲ್ಲೇ ಇತ್ತು. ನಾನು ಕಲ್ಲನ್ನು ನೋಡಿದೆ ತಮ್ಮ. ಎತ್ತಿ ಕಲ್ಲಿಗೆ ಹಾಕಿದರೆ ಸುಮ್ಮನಾಗುತ್ತದೆ ಅಂತ ಸ್ಪಷ್ಟವಾಗಿ, ತಣ್ಣಗೆ, ಒಂದು ಚೂರೂ ಸಿಟ್ಟಿಲ್ಲದೆ ಅನ್ನಿಸಿತು. ನೀನು ಬರೆದಿದ್ದೀಯಲ್ಲ, ಅದೇ ಶಾಂತಿ. ಅದು ನನಗೆ ಗೊತ್ತು. ಅದು ದೇವರಿಂದ ಬಂದದ್ದಲ್ಲ.

ನೀರು ನನ್ನ ಬಾಯಿಯನ್ನು ಮಾತ್ರ ಹಿಡಿದಿತ್ತು. ಕೈಯನ್ನು ಹಿಡಿದಿರಲಿಲ್ಲ. ಬಾಯಿ ಮುಚ್ಚಿದ್ದರಿಂದ ಕೈಗೆ ಇನ್ನೂ ಅನುಕೂಲ, ಯಾರೂ ಬರುವುದಿಲ್ಲವಲ್ಲ.

ಉಗುಳಿದೆ. ಗೋಡೆಯ ಮೇಲೆ, ಮಗುವಿನ ಮೇಲೆ, ಎಲ್ಲೆಂದರಲ್ಲಿ. ಬಾಗಿಲು ಒದ್ದು ತೆಗೆದು ಮೆಟ್ಟಿಲ ಮೇಲೆ ನಿಂತು ಕೂಗಿದೆ, "ಯಾರಾದ್ರೂ ಬನ್ನಿ! ಈ ಮಗೂನ ಇಸ್ಕೊಳ್ಳಿ! ನಾನು ಕೊಂದ್ಬಿಡ್ತೀನಿ!" ಅಂತ. ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಕೂಗಿರಲಿಲ್ಲ. ನನ್ನ ದನಿ ನನಗೇ ಹೊಸದು.

ಮೇಲಿನ ಮನೆಯ ಹೊಲಿಗೆಯವಳು ಕುತ್ತಿಗೆಯಲ್ಲಿ ಟೇಪು, ತುಟಿಯಲ್ಲಿ ಗುಂಡುಸೂಜಿ ಹಾಗೇ ಇಟ್ಟುಕೊಂಡು ದಡದಡ ಇಳಿದು ಬಂದಳು. ಮಗುವನ್ನು ಕಿತ್ತುಕೊಂಡಳು. ನಾನು ಮೆಟ್ಟಿಲ ಮೇಲೆಯೇ ಕೂತೆ. ಇವಳು ಪೊಲೀಸರನ್ನು ಕರೆಯುತ್ತಾಳೆ ಅಂದುಕೊಂಡೆ. ಅವಳು ಸೂಜಿಗಳನ್ನು ಒಂದೊಂದಾಗಿ ರವಿಕೆಗೆ ಚುಚ್ಚಿಕೊಂಡು, "ಈಗ ಕೂಗೋಕೆ ಬಂತಾ ನಿಂಗೆ? ಆರು ತಿಂಗಳಿಂದ ಮಗು ಒಂದೇ ಕೂಗ್ತಿತ್ತು, ತಾಯಿ ಏನ್ ಮೂಗೀನಾ ಅಂದ್ಕೊಂಡಿದ್ದೆ. ಹೋಗು, ಮಲಕ್ಕೋ," ಅಂದಳು.

ಮಗುವನ್ನು ಡಾಕ್ಟರು ನೋಡಿದರು. ಏನೂ ಆಗಿಲ್ಲ. ನಿನ್ನ ಭಾವನಿಗೆ ಎಲ್ಲ ಹೇಳಿದೆ, ಸೊಳ್ಳೆಯ ಸುಳ್ಳನ್ನೂ. ಅವರು ಅತ್ತರು. ಈಗ ದಿನಾ ಮಧ್ಯಾಹ್ನ ಮಗು ಹೊಲಿಗೆ ಮಿಷಿನ್ನಿನ ಕೆಳಗೆ ಬಟ್ಟೆಯ ಚೂರುಗಳ ಮೇಲೆ ಮಲಗುತ್ತದೆ. ಆ ಗಡಗಡ ಸದ್ದಿಗೆ ಅಳುವುದೇ ಇಲ್ಲ, ಕಳ್ಳಿ.

ಆವತ್ತಿನಿಂದ ಅಮ್ಮನನ್ನೇ ನೆನೆಯುತ್ತಿದ್ದೇನೆ. ಅಪ್ಪ ನಿನ್ನ ತಲೆಯನ್ನು ಮಂಚದ ಕಬ್ಬಿಣಕ್ಕೆ ಬಡಿದ ದಿನ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೆನ್ನೆ ಉಬ್ಬಿತ್ತು. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ, ನನ್ನ ಕೆನ್ನೆಯೂ ಉಬ್ಬಿತ್ತು. ನಿನ್ನ ಎಡಗಿವಿಯಿಂದ ರಕ್ತ ಬರುತ್ತಿತ್ತು. ಪಕ್ಕದ ಮನೆಯ ರೇಡಿಯೋ ನಮಗೆ ಕೇಳುತ್ತಿತ್ತು. ಒಂದು ಕೂಗು ಸಾಕಾಗಿತ್ತು. ನಾವಿಬ್ಬರೂ ಕೂಗಲಿಲ್ಲ. ಈ ಮಾತನ್ನು ನಾವು ಯಾವತ್ತೂ ಆಡಿಲ್ಲ, ನೀನೂ ಕೇಳಿಲ್ಲ. ಅಮ್ಮ ಕೆಟ್ಟವಳಲ್ಲ ಕಣೋ. ಅವಳ ಹತ್ತಿರ ಇದ್ದದ್ದು ಅದೊಂದು ಲೋಟ. ಆದರೆ ಅವಳು ಭಯಕ್ಕೆ ದೇವರ ಹೆಸರು ಇಟ್ಟಳು, ನಾವು ಅದನ್ನು ನಂಬಿದೆವು.

ಅಧಿಪತಿಯ ಮುಂದೆ ಸ್ವಾಮಿ ಸುಮ್ಮನಿದ್ದ, ನಿಜ. ಅದು ತನ್ನ ಮೈಮೇಲೆ ಬಿದ್ದ ಏಟಿಗೆ ಮಾತ್ರ. ತೋಟದಲ್ಲಿ ಶಿಷ್ಯನೊಬ್ಬ ಕತ್ತಿ ಎಳೆದು ಒಬ್ಬನ ಕಿವಿ ಕತ್ತರಿಸಿದಾಗ ಸುಮ್ಮನಿದ್ದನೇ? ಸಾಕು, ಕತ್ತಿ ಒಳಗಿಡು ಅಂದ. ಬಾಯಿ ತೆರೆದು ಹೇಳಿದ. ತನ್ನನ್ನು ಹಿಡಿಯಲು ಬಂದವನ ಕಿವಿಯನ್ನೇ ವಾಸಿಮಾಡಿದ. ಶಿಲುಬೆಯ ಮೇಲೆ ಕೈಗಳಿಗೆ ಮೊಳೆ ಹೊಡೆದಿದ್ದರು. ಅವನು ಯಾರಿಗೂ ಕೇಡು ಬಯಸಲಿಲ್ಲ, ಆದರೆ ಗಟ್ಟಿಯಾಗಿ ಕೂಗಿದ, ದೇವರೇ ಯಾಕೆ ಕೈಬಿಟ್ಟೆ ಅಂತ. ಅದು ಶಮೆದಮೆ ಕಣೋ. ಕೈ ಹಿಡಿದಿಡಬೇಕು, ಬಾಯಿ ಬಿಡಬೇಕು. ನಾವು ಉಲ್ಟಾ ಕಲಿತೆವು.

ನಿನಗೆ ಕೂಗುವುದು ಇನ್ನೂ ಬಾಕಿ ಇದೆ. ಜಾಲರಿ ಬಿಚ್ಚಿಸಿದವನು ಇವನು ಅಂತ ಕೂಗು. ಗೊತ್ತಿಲ್ಲ ಅಂದದ್ದು ಸುಳ್ಳು ಅಂತ ಕೂಗು. ಸಭೆಯಲ್ಲಿ ಎದ್ದು ನಿಂತು, ನನ್ನನ್ನು ಹೊಗಳಿದ್ದು ತಪ್ಪು ಅಂತ ಕೂಗು. ಹಾಡುಗಾರನಿಗೆ ನೀನು ಕೊಡಬೇಕಾದದ್ದು ಆ ಕೂಗು. ಮೇಸ್ತ್ರಿಯ ಗಂಟಲನ್ನು ಅವನು ಕೇಳಿರಲಿಲ್ಲ. ನಾಳೆ ನೀನು ಆ ಚಾಕು ಹಾಕಿದರೆ ಮೇಸ್ತ್ರಿಯ ಬಾಯಿ ಶಾಶ್ವತವಾಗಿ ಮುಚ್ಚುತ್ತದೆ, ಜಾಲರಿಯ ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಮಾತ್ರ ಗೆಲ್ಲುತ್ತಾನೆ.

ನಿಮ್ಮಲ್ಲಿ ಒಂದು ಕ್ರಮ ಇದೆ ಅಂತ ಬರೆದಿದ್ದೆಯಲ್ಲ. ಸಿಕ್ಕಿಕೊಂಡವನಿಗೆ ತನ್ನ ಕೈ ಕಾಣುವುದಿಲ್ಲ, ಎದುರಿಗಿನವನು ಕೂಗಬೇಕು ಅಂತ. ನಿನ್ನ ಎದುರಿಗೆ ನಿಂತವಳು ನಾನು. ನಿನ್ನ ಕೈ ಎಲ್ಲಿ ಹೋಗುತ್ತಿದೆ ಅಂತ ನನಗೆ ಕಾಣುತ್ತಿದೆ. ಆವತ್ತು ಬಾಗಿಲಲ್ಲಿ ಕೂಗದೆ ನಿಂತವಳು ಇವತ್ತು ಸುಮ್ಮನಿರುವುದಿಲ್ಲ. ನಿನ್ನ ಫೋನ್ ಬರದಿದ್ದರೆ ನಿಮ್ಮ ಗೇಟು ತೆರೆಯುವ ಹೊತ್ತಿಗೆ ನಾನೇ ಅಲ್ಲಿಗೆ ಫೋನ್ ಮಾಡುತ್ತೇನೆ. ನನ್ನ ತಮ್ಮನ ಹತ್ತಿರ ಚಾಕು ಇದೆ, ಸರಪಳಿ ನಿಲ್ಲಿಸಿ ಅಂತ ಕಿರುಚುತ್ತೇನೆ. ನಿನ್ನನ್ನು ಹಿಡಿದು ಕೂಡಿಹಾಕಲಿ. ನೀನು ನನ್ನ ಮುಖ ನೋಡದಿದ್ದರೂ ಸರಿ. ಆ ಪಾಪಿ ಬದುಕಲಿ, ನೀನೂ ಬದುಕು.

ಆದರೆ ಹಾಗಾಗುವುದು ನನಗೆ ಬೇಡ ತಮ್ಮ. ನೀನೇ ಮಾಡು.

ನಿನ್ನ ಭಾವ ಬಾಗಿಲು ಬಡಿಯುತ್ತಾರೆ. ನೀನು ಬಲಗಿವಿ ದಿಂಬಿಗೊತ್ತಿ ಮಲಗಿರುತ್ತೀಯ, ಕೇಳುವುದಿಲ್ಲ, ಗೊತ್ತು. ಕೇಳುವವರೆಗೂ ಬಡಿಯಿರಿ, ಇಡೀ ಬೀದಿ ಎದ್ದು ಬೈಯಲಿ ಅಂದಿದ್ದೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆಯೇ ಕೂತಿರುತ್ತಾರೆ. ಬ್ರೆಡ್ ಹಾಳಾಗಲಿ. ಈ ಕಾಗದವನ್ನು ನೀನು ಕಾಲಿಡುವ ಜಾಗಕ್ಕೆ ಬರುವ ಹಾಗೆ ತೂರಿಸಲು ಹೇಳಿದ್ದೇನೆ. ಜೊತೆಗೆ ಲೋಟವನ್ನೂ ಕೊಟ್ಟಿದ್ದೇನೆ. ಅದರಲ್ಲಿ ನೀರು ಕುಡಿ. ಬಾಯಿ ತುಂಬಿಕೊಳ್ಳಬೇಡ, ಕುಡಿ, ನುಂಗು, ಗಂಟಲು ಒದ್ದೆಯಾಗಲಿ.

ಆಮೇಲೆ ಫೋನ್ ಮಾಡು. ಹೂಂ ಅನ್ನಬೇಡ. ಬೈಯಿ, ಅಳು, ಆವತ್ತು ಬಾಗಿಲಲ್ಲಿ ನಿಂತು ಏನ್ ನೋಡ್ತಿದ್ದೆ ಅಂತ ಕೇಳು, ನಾನು ಕೇಳಿಸಿಕೊಳ್ಳುತ್ತೇನೆ. ಮಗು ಎದ್ದರೆ ಏಳಲಿ, ಇಬ್ಬರೂ ಸೇರಿ ಕೂಗಿ. ನಾನು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೇನೆ, ದೀಪ ಆರಿಸಿಲ್ಲ. ಬೆಳಗಾಗುವ ಮೊದಲು, ನೀನು ಚಾಕು ಕೈಗೆತ್ತಿಕೊಳ್ಳುವ ಮೊದಲು, ಆ ಬಲಗಿವಿಗೆ ಫೋನ್ ಹಚ್ಚು ನನ್ನಪ್ಪಾ. ಬೆಳಗಾಗುವ ಮೊದಲು ಫೋನ್ ಮಾಡು.

ನಿನ್ನ ಎದುರಿಗೆ ನಿಂತಿರುವ
ಅಕ್ಕ